ಸಂಪತ್ತಿಗೆ ಅಂಜಿದ ಶ್ರೀಮಂತ

ಓದುಗರೇ, ಹಣವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರೆಲ್ಲ ದುರಾಸೆಯವರೆಂದು ನೀವು ತಿಳಿಯಬೇಕಾಗಿಲ್ಲ. ಎಷ್ಟೋ ಸಲ ಅವರ ಕೈಯನ್ನು ಬಿಗಿಹಿಡಿಯುವುದು ಭಯ. ನಾಳೆ ಕಾಯಿಲೆ ಬಂದರೆ? ವ್ಯಾಪಾರ ಮುಳುಗಿದರೆ? ಆ ಭಯಕ್ಕೆ ತೃಪ್ತಿಯೆಂಬುದಿಲ್ಲ. ಸಾವಿರ ಕೂಡಿಟ್ಟರೆ ಅದು ಲಕ್ಷ ಕೇಳುತ್ತದೆ. ಹಾಗೆ ಭಯಪಡಲು ಎಲ್ಲ ಕಾರಣಗಳೂ ಇದ್ದ ಒಬ್ಬ ಸಹಾಬಿಯ ಬದುಕನ್ನು ನೋಡಿ.

ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದ ಕುರೈಶರ ಝುಹ್ರಾ ಗೋತ್ರದವರು. ಇಸ್ಲಾಮ್ ಸ್ವೀಕರಿಸಿದ ಮೊದಲಿಗರಲ್ಲಿ ಒಬ್ಬರು. ಕ್ರಿ.ಶ. 622ರಲ್ಲಿ ಮನೆಮಾರು ತೊರೆದು ಮದೀನಾ ಸೇರಿದಾಗ ಅವರದು ಬರಿಗೈ. ಪ್ರವಾದಿವರ್ಯರು(ಸ) ಅವರನ್ನು ಅನ್ಸಾರ್‌ಗಳಲ್ಲಿ ಶ್ರೀಮಂತರಾಗಿದ್ದ ಸಅದ್ ಬಿನ್ ರಬೀ(ರ)ರೊಂದಿಗೆ ಸಹೋದರತ್ವದಲ್ಲಿ ಬೆಸೆದರು. ಸಅದ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಅವರ ಮುಂದಿಟ್ಟರು. ಯೋಚಿಸಿ, ಎಲ್ಲವನ್ನೂ ಕಳೆದುಕೊಂಡವರಿಗೆ ಇದಕ್ಕಿಂತ ದೊಡ್ಡ ಭದ್ರತೆ ಇದೆಯೇ? ಆದರೆ ಅವರು ಸಅದ್‌(ರ)ರಿಗಾಗಿ ಪ್ರಾರ್ಥಿಸಿ, ಪೇಟೆಯ ದಾರಿಯನ್ನಷ್ಟೇ ಕೇಳಿದರು. ಕೈನುಕಾ ಪೇಟೆಯಲ್ಲಿ ತುಪ್ಪ ಮತ್ತು ಒಣಗಿಸಿದ ಮೊಸರಿನ ಗಟ್ಟಿಯ ವ್ಯಾಪಾರ ಆರಂಭಿಸಿದರು. ಸ್ವಲ್ಪ ಕಾಲದಲ್ಲೇ, ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಕೊಟ್ಟು ವಿವಾಹವಾದರು. ಒಂದು ಕುರಿಯನ್ನಾದರೂ ಕೊಯ್ದು ವಲೀಮಾ ನೀಡಬೇಕೆಂದು ಪ್ರವಾದಿವರ್ಯರು(ಸ) ಸೂಚಿಸಿದರು. ಮೊದಲ ಸಂಪಾದನೆ ಗಂಟಾಗಿ ಕೂರಲಿಲ್ಲ. ಅದರಿಂದ ಒಂದು ಸಂಸಾರ ಕಟ್ಟಿಕೊಂಡಿತು.

ಮುಂದೆ ಅವರು ಮದೀನಾದ ದೊಡ್ಡ ವ್ಯಾಪಾರಿಗಳಲ್ಲೊಬ್ಬರಾದರು. ಆದರೆ ಅವರ ಹಣ ಒಂದೆಡೆ ನಿಲ್ಲುತ್ತಿರಲಿಲ್ಲ. ನಗರದ ಮೂರರಲ್ಲೊಂದು ಪಾಲು ಜನರಿಗೆ ಅವರು ಸಾಲ ಕೊಡುತ್ತಿದ್ದರು, ಇನ್ನೊಂದು ಪಾಲಿನವರ ಸಾಲ ತೀರಿಸುತ್ತಿದ್ದರು, ಉಳಿದವರಿಗೆ ಕೊಡುಗೆ ನೀಡುತ್ತಿದ್ದರು ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಜಮೀನೊಂದನ್ನು 40,000 ದೀನಾರ್‌ಗೆ ಮಾರಿ, ಬಂದುದನ್ನು ಬಂಧುಗಳಿಗೂ ಬಡವರಿಗೂ ಪ್ರವಾದಿಪತ್ನಿಯರಿಗೂ ಹಂಚಿದರೆಂದೂ ವರದಿಯಿದೆ.

ಒಂದು ದಿನ ಅವರು ಉಪವಾಸವಿದ್ದರು. ಇಫ್ತಾರಿಗೆ ಊಟ ತಂದಿಟ್ಟಾಗ, 625ರ ಉಹುದ್ ಯುದ್ಧದಲ್ಲಿ ಹುತಾತ್ಮರಾದ ಮುಸ್‌ಅಬ್ ಬಿನ್ ಉಮೈರ್(ರ) ನೆನಪಾದರು. ಅವರ ಕಫನ್‌ಗೆ ಸಿಕ್ಕಿದ್ದು ಒಂದೇ ತುಂಡು ಬಟ್ಟೆ. ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ. ತಮ್ಮ ಸತ್ಕರ್ಮಗಳ ಪ್ರತಿಫಲವೆಲ್ಲ ಇಹದಲ್ಲೇ ಸಂದುಹೋಯಿತೇನೋ ಎಂದು ಅಂಜಿ ಅವರು ಅತ್ತರು. ಊಟ ಹಾಗೆಯೇ ಉಳಿಯಿತು.

ಈ ಭಯವನ್ನು ಗಮನಿಸಿ. ಕೂಡಿಡುವವನು ಹಣ ಕೈಬಿಟ್ಟು ಹೋದೀತೆಂದು ಹೆದರುತ್ತಾನೆ. ಇವರು ಅದು ತಮ್ಮ ಕೈಯಲ್ಲೇ ಉಳಿದೀತೆಂದು ಹೆದರಿದರು.

ಹಿಜ್ರಿ 32ರ ಸುಮಾರಿಗೆ ನಿಧನರಾದಾಗಲೂ ಅವರು ಬಡವರಾಗಿರಲಿಲ್ಲ. ಬದ್ರ್‌ನಲ್ಲಿ ಹೋರಾಡಿ ಆಗ ಬದುಕಿದ್ದ ಪ್ರತಿಯೊಬ್ಬರಿಗೂ 400 ದೀನಾರ್ ವಸಿಯ್ಯತ್ ಮಾಡಿದ್ದರು; ವಾರಸುದಾರರಿಗೂ ಹೇರಳವಾಗಿ ಉಳಿದಿತ್ತು. ಆದ್ದರಿಂದ ಉಳಿತಾಯವೇ ತಪ್ಪೆಂದು ಭಾವಿಸಬೇಡಿ. ಹೆಂಡತಿ ಮಕ್ಕಳ ನಾಳೆಗಾಗಿ ತೆಗೆದಿಡುವುದು ನಿಮ್ಮ ಹೊಣೆ. ಆದರೆ ನೆರೆಮನೆಯವನು ಬಡ್ಡಿಯ ಸಾಲಕ್ಕಾಗಿ ಅಲೆಯುತ್ತಿರುವಾಗ, ನಿಮ್ಮ ಕಪಾಟಿನಲ್ಲಿ ಯಾರ ಕೆಲಸಕ್ಕೂ ಬಾರದೆ ಮಲಗಿರುವ ಹಣವೆಷ್ಟು? ಇಂದು ರಾತ್ರಿ ಲೆಕ್ಕ ಹಾಕಿ ನೋಡಿ.