ರಾತ್ರಿ ಪಾಳಿಯ ಸುಬ್ಬರಾವ್

ಫಾರ್ಮಕಾಲಜಿ ಪುಸ್ತಕದಲ್ಲಿ ಫೋಲಿಕ್ ಆ್ಯಸಿಡ್ ಒಂದು ಅಧ್ಯಾಯದಲ್ಲಿದೆ, ಮೆಥೊಟ್ರೆಕ್ಸೇಟ್ ಇನ್ನೊಂದರಲ್ಲಿ, ಆನೆಕಾಲು ರೋಗದ ಡಿಇಸಿ ಮಾತ್ರೆ ಮತ್ತೊಂದರಲ್ಲಿ. ಮೂರನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ಈ ಮೂರರ ಹಿಂದೆಯೂ ಒಬ್ಬರೇ ಇದ್ದಾರೆ, ಅವರು ಪಕ್ಕದ ಆಂಧ್ರದವರು ಎಂದು ನನಗೆ ತಿಳಿದದ್ದು ಬಿಎಸ್ಸಿ ನರ್ಸಿಂಗ್ ಮೂರನೇ ವರ್ಷಕ್ಕೆ ಬಂದ ಮೇಲೆ. ಹೆಸರು ಯಲ್ಲಾಪ್ರಗಡ ಸುಬ್ಬರಾವ್.

1895ರ ಜನವರಿ 12ರಂದು ಭೀಮವರಂನಲ್ಲಿ ಹುಟ್ಟಿದ ಸುಬ್ಬರಾವ್ ಮೆಟ್ರಿಕ್ಯುಲೇಷನ್‌ನಲ್ಲಿ ಎರಡು ಸಲ ಫೇಲಾದರು. ಮೂರನೇ ಸಲ ಮದ್ರಾಸಿನಲ್ಲಿ ಪಾಸಾದರು. ಮನೆಯಲ್ಲಿ ಸಾವಿನ ಮೇಲೆ ಸಾವು. ಮೊದಲು ತಂದೆ ಹೋದರು. ಆಮೇಲೆ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಕರುಳು ಆಹಾರವನ್ನು ಹೀರಿಕೊಳ್ಳದೆ, ಭೇದಿಯಾಗಿ, ರಕ್ತ ಕಡಿಮೆಯಾಗುತ್ತಾ ಹೋಗುವ ಕಾಯಿಲೆ ಅದು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಅವರು ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಸರ್ಜಿಕಲ್ ಬಟ್ಟೆ ತೊಟ್ಟರು. ಇಂಗ್ಲಿಷ್ ಪ್ರೊಫೆಸರಿಗೆ ಸಿಟ್ಟು ಬಂತು. ಕೊನೆಗೆ ಕೈಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್.

1920ರ ದಶಕದ ಆರಂಭದಲ್ಲಿ ಮಾವನ ಮನೆಯವರ ನೆರವಿನಿಂದ ಅಮೆರಿಕದ ಬಾಸ್ಟನ್‌ಗೆ ಹೋಗಿ ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಕೋರ್ಸ್ ಸೇರಿದರು. ಹೊಟ್ಟೆಪಾಡಿಗೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡಿದರು. ಬೆಡ್‌ಪ್ಯಾನ್, ಯೂರಿನಲ್ ಖಾಲಿ ಮಾಡಿ ತೊಳೆಯುವ ಕೆಲಸ. ಅವರ ಬಗ್ಗೆ ಬರೆಯುವವರು ಇದನ್ನು ಮಹಾ ಕಷ್ಟ, ಅವಮಾನ ಎಂಬಂತೆ ಬರೆಯುತ್ತಾರೆ. ನನಗೇನೋ ಹಾಗನ್ನಿಸುವುದಿಲ್ಲ, ನಾವು ದಿನಾ ಮಾಡುವ ಕೆಲಸವೇ ಅದು. ಡಾಕ್ಟರ್ ಓದಿದವರು ಮಾಡಿದರು ಎನ್ನುವುದಷ್ಟೇ ವಿಶೇಷ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನ ಕಂಡುಹಿಡಿದರು. 1925ರ ಆ ವಿಧಾನಕ್ಕೆ ಇಂದಿಗೂ ಇಬ್ಬರ ಹೆಸರೂ ಇದೆ. ಆಮೇಲೆ ಸ್ನಾಯುವಿನಲ್ಲಿ ಫಾಸ್ಫೊಕ್ರಿಯೇಟಿನ್, 1929ರಲ್ಲಿ ಎಟಿಪಿ. ಪಿಯುಸಿಯಲ್ಲಿ ನಾವೆಲ್ಲ ಓದಿದ ಅದೇ ಎಟಿಪಿ. ಇಷ್ಟಾದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿನ ಎಂಟು ವರ್ಷಗಳೇ ನಮ್ಮ ಪಠ್ಯಪುಸ್ತಕ.

ರಕ್ತಹೀನತೆಗೆ ಆಗ ಯಕೃತ್ತಿನ ಸಾರ ಕೊಡುತ್ತಿದ್ದರು. ಅದರಲ್ಲಿರುವ ಅಂಶ ಯಾವುದೆಂದು ಹುಡುಕುತ್ತಾ ಸುಬ್ಬರಾವ್ ತಂಡ 1940ರ ದಶಕದ ನಡುವೆ ಫೋಲಿಕ್ ಆ್ಯಸಿಡ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂಗೂ ಅದು ಔಷಧ. ತಂಡ ಅಲ್ಲಿಗೆ ನಿಲ್ಲಲಿಲ್ಲ. ಫೋಲಿಕ್ ಆ್ಯಸಿಡ್‌ನಂತೆಯೇ ಕಾಣುವ, ಆದರೆ ಅದರ ಕೆಲಸಕ್ಕೆ ಅಡ್ಡಗಾಲು ಹಾಕುವ ಅಣುಗಳನ್ನೂ ತಯಾರಿಸಿತು. ಬೀಗಕ್ಕೆ ಹೊಕ್ಕು ತಿರುಗದೆ ಸಿಕ್ಕಿಕೊಳ್ಳುವ ಕೀಲಿ ಇದ್ದ ಹಾಗೆ. ಅಂಥ ಅಮಿನೊಪ್ಟೆರಿನ್ ಅನ್ನು ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳಲ್ಲಿ ಸ್ವಲ್ಪ ಕಾಲದ ಮಟ್ಟಿಗಾದರೂ ರೋಗ ಹಿಮ್ಮೆಟ್ಟಿತು. 1948ರವರೆಗೆ ಯಾರೂ ಕಾಣದ ಸಂಗತಿ. ಅಮಿನೊಪ್ಟೆರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್.

ಇಂದು ಇದು ಕ್ಯಾನ್ಸರ್ ವಾರ್ಡಿಗಷ್ಟೇ ಸೀಮಿತವಲ್ಲ. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಕಡಿಮೆ ಡೋಸ್‌ನಲ್ಲಿ ಕೊಡುತ್ತಾರೆ, ಅದೂ ವಾರಕ್ಕೆ ಒಂದೇ ದಿನ. ಅಪಾಯ ಇರುವುದೇ ಇಲ್ಲಿ. ಬಿಪಿ, ಶುಗರ್ ಮಾತ್ರೆಯಂತೆ ದಿನವೂ ನುಂಗಿದರೆ ಬೇಗಬೇಗ ಬೆಳೆಯುವ ಜೀವಕೋಶಗಳೆಲ್ಲ ಏಟು ತಿನ್ನುತ್ತವೆ. ಬಾಯಿ ತುಂಬ ಹುಣ್ಣು, ಭೇದಿ, ಅಸ್ಥಿಮಜ್ಜೆ ಸೊರಗಿ ಬಿಳಿ ರಕ್ತಕಣ ಕುಸಿತ, ಸೋಂಕು. ಸತ್ತವರಿದ್ದಾರೆ. ಪರೀಕ್ಷೆಗೆ ನಾವು ಬರೆಯುವ ಸರಿಯಾದ ರೋಗಿ, ಔಷಧ, ಡೋಸ್, ಮಾರ್ಗ, ಸಮಯ ಎಂಬ ಐದು ಅಂಶಗಳಲ್ಲಿ ಸಮಯ ಎಂದರೆ ಬೆಳಿಗ್ಗೆ ಎಂಟೋ ಒಂಬತ್ತೋ ಎಂದುಕೊಂಡಿರುತ್ತೇವೆ. ಇಲ್ಲಿ ಅದು ವಾರದ ದಿನ. ಚಾರ್ಟ್‌ನಲ್ಲಿ ವಾರಕ್ಕೊಮ್ಮೆ ಎಂದಿದ್ದರೆ ಸಾಲದು, ಸೋಮವಾರ ಎಂದೋ ಗುರುವಾರ ಎಂದೋ ಇರಬೇಕು. ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಬರೆಸಿಕೊಳ್ಳುವುದು ನರ್ಸ್‌ನ ಹಕ್ಕು.

ಮಾತ್ರೆ 2.5 ಮಿ.ಗ್ರಾಂ.ನದೂ ಸಿಗುತ್ತದೆ, 10 ಮಿ.ಗ್ರಾಂ.ನದೂ ಸಿಗುತ್ತದೆ. 7.5 ಮಿ.ಗ್ರಾಂ. ಎಂದರೆ ಚಿಕ್ಕದು ಮೂರು. ಸ್ಟ್ರಿಪ್ ಬದಲಾಗಿ ದೊಡ್ಡದು ಮೂರು ಹೋದರೆ 30 ಮಿ.ಗ್ರಾಂ. ಆದ್ದರಿಂದ ಮಾತ್ರೆ ಎಣಿಸಿದರೆ ಆಗದು, ಮಿಲಿಗ್ರಾಂ ಓದಬೇಕು. ಬಾಯಿಹುಣ್ಣು, ಜ್ವರ, ಒಣಕೆಮ್ಮು ಇದೆಯೇ ಎಂದು ಕೊಡುವ ಮೊದಲೇ ಕೇಳಬೇಕು. ಕೊಟ್ರೈಮಾಕ್ಸಜೋಲ್ ಕೂಡ ಫೋಲಿಕ್ ಆ್ಯಸಿಡ್ ದಾರಿಗೇ ಅಡ್ಡ ನಿಲ್ಲುವುದರಿಂದ ಎರಡೂ ಒಂದೇ ಚಾರ್ಟ್‌ನಲ್ಲಿ ಕಂಡರೆ ಸುಮ್ಮನಿರಬಾರದು. ಗರ್ಭಿಣಿಗೆ ಇದನ್ನು ಕೊಡುವಂತಿಲ್ಲ. ಗರ್ಭಿಣಿ ಸಿಸ್ಟರ್ ಮಾತ್ರೆ ಮುಟ್ಟುವುದೂ ಬೇಡ. ಅಂದಹಾಗೆ, ಅಡ್ಡಪರಿಣಾಮ ತಗ್ಗಿಸಲು ಬೇರೆ ದಿನ ಕೊಡುವುದು ಅದೇ ಫೋಲಿಕ್ ಆ್ಯಸಿಡ್. ಅಣ್ಣ ಮಾಡಿದ ಗಾಯಕ್ಕೆ ತಮ್ಮ ಮುಲಾಮು ಹಚ್ಚಿದಂತೆ. ಎರಡರ ದಿನ ಅದಲುಬದಲಾದರೆ ಮಾತ್ರ ಕತೆ ಬೇರೆ.

ಇನ್ನು ಡಿಇಸಿ. 1947ರಲ್ಲಿ ಇದೇ ತಂಡದಿಂದ ಬಂತು. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ, ನಮ್ಮ ಕರಾವಳಿಯವರಿಗೆ ಮನೆಬಾಗಿಲಿಗೇ ಬಂದ ಮಾತ್ರೆ. ಎರಡರಿಂದ ಐದು ವರ್ಷದವರಿಗೆ 100 ಮಿ.ಗ್ರಾಂ., ಆರರಿಂದ ಹದಿನಾಲ್ಕಕ್ಕೆ 200, ಮೇಲ್ಪಟ್ಟವರಿಗೆ 300. ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಕಾಯಿಲೆಯವರಿಗೆ ಇಲ್ಲ. ಕೈಗೆ ಕೊಟ್ಟು ಬರುವಂತಿಲ್ಲ, ಎದುರಿಗೇ ನುಂಗಿಸಬೇಕು. ಒಳಗಿನ ಹುಳುಮರಿಗಳು ಸಾಯುವಾಗ ಕೆಲವರಿಗೆ ಜ್ವರ, ತಲೆನೋವು ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಸರ್ಕಾರದ ಮಾತ್ರೆ ತಿಂದು ಕಾಯಿಲೆ ಬಂತು ಎಂದು ಇಡೀ ಓಣಿ ಮುಂದಿನ ವರ್ಷ ಬಾಗಿಲು ಹಾಕಿಕೊಳ್ಳುತ್ತದೆ.

ಸುಬ್ಬರಾವ್ 1948ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ವಯಸ್ಸು 53. ಬಾಸ್ಟನ್‌ಗೆ ಹೋದವರು ಭಾರತಕ್ಕೆ ಮರಳಲೇ ಇಲ್ಲ, ಹೆಂಡತಿ ಶೇಷಗಿರಿಯನ್ನು ಮತ್ತೆ ನೋಡಲೂ ಇಲ್ಲ. ಅವರ ಮಾತ್ರೆಗಳು ಮಾತ್ರ ಇಲ್ಲಿಗೆ ಬಂದವು. 1995ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಸ್ಟಾಂಪ್ ತಂದಿತು.