ಡಾ. ಅಂಬೇಡ್ಕರ್: ವಾಣಿಜ್ಯವನ್ನೂ ಭಾಷೆಯನ್ನೂ ಓದಿದ ವಿದ್ಯಾರ್ಥಿ

ಸಂವಿಧಾನ ಶಿಲ್ಪಿ ಎಂದು ನಾಡೆಲ್ಲ ಗೌರವಿಸುವ ಡಾ. ಬಾಬಾಸಾಹೇಬ ಅಂಬೇಡ್ಕರರು ವಿದ್ವತ್ ಲೋಕದಲ್ಲಿ ಮೊದಲು ಹೆಸರು ಪಡೆದದ್ದು ಅರ್ಥಶಾಸ್ತ್ರಜ್ಞರಾಗಿ. ಅವರ ಪದವಿಗಳ ಪಟ್ಟಿಯನ್ನು ಜಯಂತಿಯ ಸಭೆಗಳಲ್ಲಿ ವಿದ್ಯಾರ್ಥಿಗಳು ತಡವರಿಸದೆ ಒಪ್ಪಿಸುತ್ತಾರೆ. ಆದರೆ ಆ ಪದವಿಗಳಿಗಾಗಿ ಅವರು ಯಾವ ವಿಷಯಗಳನ್ನು ಆರಿಸಿಕೊಂಡರು, ಏತಕ್ಕಾಗಿ ಆರಿಸಿಕೊಂಡರು, ಆರಿಸಿಕೊಳ್ಳುವ ಅವಕಾಶವೇ ಇಲ್ಲದಿದ್ದಾಗ ಏನು ಮಾಡಿದರು ಎಂಬ ಕಥೆ ಅಷ್ಟಾಗಿ ಪ್ರಚಾರದಲ್ಲಿಲ್ಲ. ಪದವಿ ತರಗತಿಯ ಹೊಸ್ತಿಲಲ್ಲಿ ನಿಂತವರಿಗೆ ಪಟ್ಟಿಗಿಂತ ಈ ಕಥೆಯೇ ಹೆಚ್ಚು ಉಪಯುಕ್ತವಾದುದು.

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡುಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಳರು ಸೈನ್ಯದಲ್ಲಿ ಸುಬೇದಾರರಾಗಿದ್ದವರು; ಸೈನಿಕ ಶಾಲೆಯಲ್ಲಿ ಪಾಠ ಹೇಳಿದವರು. ಮನೆತನದ ಮೂಲ ರತ್ನಾಗಿರಿ ಜಿಲ್ಲೆಯ ಅಂಬಡವೆ ಗ್ರಾಮ, ಮನೆಮಾತು ಮರಾಠಿ. ತಾಯಿ ಭೀಮಾಬಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಸಾತಾರದ ಸರಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ 1900ರ ನವೆಂಬರ್ 7ರಂದು ಬಾಲಕನ ಹೆಸರು ಸೇರಿತು. ಕುಳಿತುಕೊಳ್ಳಲು ಮನೆಯಿಂದ ತಂದ ಗೋಣಿತಟ್ಟು. ನೀರು ಬೇಕಾದರೆ ಜವಾನ ಬಂದು ಮೇಲಿನಿಂದ ಹೊಯ್ಯಬೇಕು, ಜವಾನನಿಲ್ಲದ ದಿನ ನೀರಿಲ್ಲ. ಅಸ್ಪೃಶ್ಯತೆ ಎಂಬುದು ಹೀಗೆ ಪಾಠಕ್ಕಿಂತ ಮೊದಲೇ ಶಾಲೆಯಲ್ಲಿ ಎದುರಾಯಿತು.

ಕುಟುಂಬ ಮುಂಬಯಿಗೆ ಬಂದಮೇಲೆ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದು ಮುಂದುವರಿಯಿತು. ಎರಡನೆಯ ಭಾಷೆಯಾಗಿ ಸಂಸ್ಕೃತವನ್ನು ತೆಗೆದುಕೊಳ್ಳಬೇಕೆಂಬುದು ಭೀಮರಾಯನ ಆಸೆ. ಆದರೆ ಅಸ್ಪೃಶ್ಯ ಜಾತಿಯ ಹುಡುಗನಿಗೆ ಸಂಸ್ಕೃತ ಕಲಿಸಲು ಅಧ್ಯಾಪಕರು ಸಿದ್ಧರಿರಲಿಲ್ಲ. ಹೀಗಾಗಿ ಪರ್ಷಿಯನ್ನನ್ನು ಆರಿಸಿಕೊಳ್ಳಬೇಕಾಯಿತು. ಆರಿಸಿಕೊಂಡರು ಎನ್ನುವುದಕ್ಕಿಂತ ಅದೊಂದೇ ಉಳಿದಿತ್ತು ಎನ್ನುವುದು ಸರಿ. ಪರ್ಷಿಯನ್ ಭಾಷೆ ಬಹಮನಿ, ಆದಿಲಶಾಹಿ ಕಾಲದಿಂದ ದಖ್ಖನಿನ ಆಡಳಿತದಲ್ಲಿ ಬಳಕೆಯಲ್ಲಿದ್ದುದು. ಸರಕಾರ, ಜಮೀನು, ದಫ್ತರ, ದರ್ಬಾರು ಮೊದಲಾದ ಮಾತುಗಳನ್ನು ಕನ್ನಡ ಮರಾಠಿಗಳೆರಡಕ್ಕೂ ಕೊಟ್ಟದ್ದು. ಭೀಮರಾಯರು ಆ ಭಾಷೆಯನ್ನು ಮುನಿಸಿನಿಂದ ಓದಲಿಲ್ಲ. ಪರೀಕ್ಷೆಗಳಲ್ಲಿ ಅದರಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದರು. ಆದರೆ ನಿರಾಕರಣೆಗೊಂಡ ಸಂಸ್ಕೃತ ಅವರ ಮನಸ್ಸಿನಿಂದ ಮರೆಯಾಗಲಿಲ್ಲ.

1907ರಲ್ಲಿ ಮೆಟ್ರಿಕ್ಯುಲೇಶನ್ ತೇರ್ಗಡೆಯಾದಾಗ ಬಂಧುಬಳಗದವರು ಅಭಿನಂದನೆಯ ಸಭೆ ಏರ್ಪಡಿಸಿದರು. ಮರಾಠಿ ಲೇಖಕರೂ ಶಿಕ್ಷಕರೂ ಆದ ಕೃಷ್ಣರಾವ್ ಅರ್ಜುನ ಕೇಳುಸ್ಕರರು ತಾವು ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆಯ ಪ್ರತಿಯೊಂದನ್ನು ಹುಡುಗನಿಗೆ ಕಾಣಿಕೆಯಾಗಿ ಕೊಟ್ಟರು. ಆ ಪುಸ್ತಕದ ಫಲ ಕಾಣಲು ಅರ್ಧ ಶತಮಾನ ಬೇಕಾಯಿತು. ಮುಂದೆ ಕಾಲೇಜಿನ ಖರ್ಚು ಹೊರುವುದು ತಂದೆಗೆ ಅಸಾಧ್ಯವಾದಾಗ ಕೇಳುಸ್ಕರರೇ ಮುಂದಾಗಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಲ್ಲಿಗೆ ಕರೆದೊಯ್ದರು. ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ದೊರೆಯಿತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಗ್ಲಿಷ್, ಪರ್ಷಿಯನ್ ಭಾಷೆಗಳನ್ನು ಓದಿ ಬಿ.ಎ. ಮುಗಿಸಿ 1913ರ ಆರಂಭದಲ್ಲಿ ಅವರು ಬಡೋದೆ ಸಂಸ್ಥಾನದ ಸೇವೆಗೆ ಸೇರಿದರು. ಸೇರಿದ ಕೆಲವೇ ದಿನಗಳಲ್ಲಿ, ಫೆಬ್ರವರಿ 2ರಂದು, ತಂದೆ ರಾಮಜಿ ಕಾಲವಾದರು.

ಅದೇ ವರ್ಷ ಬಡೋದೆಯ ಮಹಾರಾಜರು ಅಮೆರಿಕೆಯಲ್ಲಿ ಉನ್ನತ ಶಿಕ್ಷಣಕ್ಕೆ ಮೂರು ವರ್ಷಗಳ ವಿದ್ಯಾರ್ಥಿವೇತನ ನೀಡಿದರು. ಓದು ಮುಗಿದ ಬಳಿಕ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. 1913ರ ಜುಲೈಯಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದರು. ವಿಷಯವನ್ನು ತಮ್ಮ ಇಚ್ಛೆಯಂತೆ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ದೊರೆತದ್ದು ಇಲ್ಲಿಯೇ. ಒಂದು ವಿಭಾಗದಲ್ಲಿ ಓದುವವನು ಬೇರೆ ವಿಭಾಗಗಳ ತರಗತಿಗಳಲ್ಲಿಯೂ ಕುಳಿತುಕೊಳ್ಳಬಹುದಾಗಿತ್ತು. ಆ ಮೂರು ವರ್ಷಗಳಲ್ಲಿ ಅವರು ತೆಗೆದುಕೊಂಡ ಪಾಠಕ್ರಮಗಳ ಲೆಕ್ಕ ಉಳಿದುಬಂದಿದೆ: ಅರ್ಥಶಾಸ್ತ್ರ 29, ಇತಿಹಾಸ 11, ಸಮಾಜಶಾಸ್ತ್ರ 6, ತತ್ತ್ವಶಾಸ್ತ್ರ 5, ಮಾನವಶಾಸ್ತ್ರ 4, ರಾಜ್ಯಶಾಸ್ತ್ರ 3, ಪ್ರಾರಂಭಿಕ ಫ್ರೆಂಚ್ ಮತ್ತು ಜರ್ಮನ್ ಒಂದೊಂದು.

ಈ ಲೆಕ್ಕದಲ್ಲಿ ಅರ್ಧದಷ್ಟು ಅರ್ಥಶಾಸ್ತ್ರ. ದಾರಿದ್ರ್ಯವನ್ನು ಮುಂಬಯಿಯ ಪರಳಿನ ಚಾಳಿನ ಒಂದೇ ಕೋಣೆಯಲ್ಲಿ ಕಂಡುಂಡವರು ಹಣ ಎಲ್ಲಿಂದ ಬರುತ್ತದೆ, ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯನ್ನು ಮುಖ್ಯವಾಗಿ ಹಿಡಿದದ್ದು ಸಹಜವೇ. ಉಳಿದ ಅರ್ಧ ಆ ಪ್ರಶ್ನೆಗೆ ಸುತ್ತಲಿನ ಆಧಾರ. ಸಾರ್ವಜನಿಕ ಹಣಕಾಸಿನ ಪಂಡಿತ ಸೆಲಿಗ್‌ಮನ್, ತತ್ತ್ವಜ್ಞ ಜಾನ್ ಡ್ಯೂಯಿ ಮೊದಲಾದವರು ಅವರ ಗುರುಗಳು. ಆ ಕಾಲದಲ್ಲಿ ಬರೆದ ಪ್ರಬಂಧಗಳಲ್ಲೊಂದು ಪ್ರಾಚೀನ ಭಾರತದ ವಾಣಿಜ್ಯವನ್ನು ಕುರಿತದ್ದು. ಪಶ್ಚಿಮ ಏಷ್ಯದೊಡನೆ ನಡೆದ ಹಳೆಯ ವ್ಯಾಪಾರದಿಂದ ಹಿಡಿದು ಬ್ರಿಟಿಷ್ ರಾಜಸತ್ತೆ ನೇರವಾಗಿ ಆಡಳಿತ ವಹಿಸಿಕೊಳ್ಳುವ ಹೊತ್ತಿನವರೆಗೆ ಅದು ವಿಷಯವನ್ನು ಬೆಳೆಸುತ್ತದೆ. ಮತ್ತೊಂದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸನ್ನು ಕುರಿತದ್ದು. 1915ರಲ್ಲಿ ಎಂ.ಎ. ಪದವಿ ಬಂತು. ಮರುವರ್ಷ ಮೇ ತಿಂಗಳಲ್ಲಿ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗೆಗೆ ಅವರು ಪ್ರಬಂಧ ಓದಿದರು. ವ್ಯಾಪಾರದ ಇತಿಹಾಸವನ್ನೂ ಜಾತಿಯ ಇತಿಹಾಸವನ್ನೂ ಒಬ್ಬನೇ ವಿದ್ಯಾರ್ಥಿ ಒಂದೇ ಮೇಜಿನ ಮುಂದೆ ಕುಳಿತು ಶೋಧಿಸುತ್ತಿದ್ದ.

1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರಕ್ಕೂ ಕಾನೂನಿಗೂ ಹೆಸರು ಹಚ್ಚಿದರು. ಆದರೆ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಓದನ್ನು ನಡುವೆಯೇ ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಅವರ ಪುಸ್ತಕದ ಗಂಟುಗಳನ್ನು ಹೊತ್ತ ಹಡಗು ಮಹಾಯುದ್ಧದ ಕಾಲದ ಟಾರ್ಪೆಡೊ ದಾಳಿಯಲ್ಲಿ ಸಮುದ್ರದ ಪಾಲಾಯಿತು. ಕರಾರಿನಂತೆ ಬಡೋದೆಗೆ ಹೋದರೆ ಅಲ್ಲಿ ಇಳಿದುಕೊಳ್ಳಲು ಮನೆ ಸಿಗಲಿಲ್ಲ; ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಪಾರಸಿಗಳ ಒಂದು ವಸತಿಗೃಹದಲ್ಲಿ ಆಶ್ರಯ ಪಡೆದಿದ್ದಾಗ ಜಾತಿ ತಿಳಿದು ಜನ ಬಡಿಗೆ ಹಿಡಿದು ಬಂದು ಹೊರಹಾಕಿದರು. ಕೊಲಂಬಿಯಾದ ಎಂ.ಎ. ಪದವೀಧರನು ಗಿಡದ ನೆರಳಲ್ಲಿ ಕುಳಿತು ಕಣ್ಣೀರಿಟ್ಟು ಮುಂಬಯಿಯ ಗಾಡಿ ಹತ್ತಿದ. ಪದವಿ ಎಲ್ಲ ಬಾಗಿಲುಗಳನ್ನೂ ತೆರೆಯುವುದಿಲ್ಲ ಎಂಬುದು ಅಂದು ಅವರಿಗೆ ತಿಳಿಯಿತು. ಹಾಗೆಂದು ಓದನ್ನು ಅವರು ಕೈಬಿಡಲಿಲ್ಲ.

1918ರ ನವೆಂಬರಿನಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ದೊರೆಯಿತು. ವಾಣಿಜ್ಯ ಪದವಿಗಾಗಿಯೇ 1913ರಲ್ಲಿ ಸ್ಥಾಪನೆಯಾದ ಕಾಲೇಜು ಅದು. ಸಹೋದ್ಯೋಗಿಗಳಲ್ಲಿ ಕೆಲವರು ನೀರಿನ ಪಾತ್ರೆಯನ್ನು ಅವರೊಡನೆ ಹಂಚಿಕೊಳ್ಳಲು ಆಕ್ಷೇಪ ಎತ್ತಿದರು. ವಿದ್ಯಾರ್ಥಿಗಳು ಮಾತ್ರ ಅವರ ಪಾಠದ ಆಳಕ್ಕೆ ಮನಸೋತರು. ಸಂಬಳದಲ್ಲಿ ಮನೆಖರ್ಚಿಗೆ ಕೊಟ್ಟು ಉಳಿದುದನ್ನು ಅವರು ಲಂಡನ್ನಿನ ಓದಿಗೆಂದು ಕೂಡಿಡುತ್ತಿದ್ದರು. ಪತ್ನಿ ರಮಾಬಾಯಿ ಅತ್ಯಲ್ಪದಲ್ಲಿ ಸಂಸಾರ ತೂಗಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಇದೇ ಅವಧಿಯಲ್ಲಿ, 1920ರ ಜನವರಿ 31ರಂದು, ‘ಮೂಕನಾಯಕ’ ಪತ್ರಿಕೆ ಹೊರಬಂತು. ಆ ಹೊತ್ತಿಗೆ ಇಂಗ್ಲಿಷಿನಲ್ಲಿ ಪ್ರೌಢ ಪ್ರಬಂಧಗಳನ್ನು ಬರೆದಿದ್ದ ಅಂಬೇಡ್ಕರರು ಪತ್ರಿಕೆಗೆ ಆರಿಸಿಕೊಂಡದ್ದು ಮನೆಮಾತಾದ ಮರಾಠಿಯನ್ನು. ಶಿರೋಭಾಗದಲ್ಲಿ ಇರಿಸಿದ್ದು ತುಕಾರಾಮನ ಅಭಂಗವನ್ನು. ರೂಪಾಯಿಯ ಲೆಕ್ಕವನ್ನು ಲಂಡನ್ನಿನ ಪಂಡಿತರಿಗೆ ಇಂಗ್ಲಿಷಿನಲ್ಲಿ ಹೇಳಬೇಕಾಗಿತ್ತು. ಆ ಲೆಕ್ಕದಲ್ಲಿ ಸೋಲುವವರೊಡನೆ ಅವರ ಮಾತಿನಲ್ಲಿಯೇ ಮಾತನಾಡಬೇಕಾಗಿತ್ತು. ಎರಡು ಭಾಷೆಗಳಿಗೂ ಬೇರೆಬೇರೆ ಕೆಲಸವಿತ್ತು.

ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಸಾಲವಾಗಿ ಕೊಟ್ಟ 5,000 ರೂಪಾಯಿ ಮತ್ತು ತಮ್ಮ ಉಳಿತಾಯವನ್ನು ಕಟ್ಟಿಕೊಂಡು 1920ರಲ್ಲಿ ಅವರು ಮತ್ತೆ ಲಂಡನ್ ತಲುಪಿದರು. ಅರೆಹೊಟ್ಟೆಯಲ್ಲಿ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ದಿನವಿಡೀ ಓದಿದರು. 1921ರಲ್ಲಿ ಎಂ.ಎಸ್‌ಸಿ. ಪಡೆದರು. ಡಿ.ಎಸ್‌ಸಿ. ಪದವಿಗೆ ರೂಪಾಯಿಯ ಸಮಸ್ಯೆಯನ್ನು ವಿಷಯವಾಗಿ ಎತ್ತಿಕೊಂಡರು.

ಆ ಸಮಸ್ಯೆ ಅಂತಾರಾಷ್ಟ್ರೀಯ ವ್ಯಾಪಾರದ ನಡುಗಂಬವಿದ್ದಂತೆ. ಭಾರತದ ನಾಣ್ಯ ಬೆಳ್ಳಿಯದು, ಇಂಗ್ಲೆಂಡಿನದು ಚಿನ್ನದ್ದು. 1870ರ ದಶಕದಿಂದ ಬೆಳ್ಳಿಯ ಬೆಲೆ ಇಳಿಯುತ್ತ ಹೋದಂತೆ ರೂಪಾಯಿಯ ಬೆಲೆಯೂ ಇಳಿಯಿತು. ರೂಪಾಯಿಗೆ ಎರಡು ಶಿಲಿಂಗ್ ಇದ್ದಾಗ ಒಂದು ಪೌಂಡಿಗೆ ಮಾರಿದ ಹತ್ತಿಗೆ ವ್ಯಾಪಾರಿಯ ಕೈಗೆ 10 ರೂಪಾಯಿ ಬರುತ್ತಿತ್ತು. ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸ್ ಆದಾಗ ಅದೇ ಹತ್ತಿಗೆ 15 ರೂಪಾಯಿ. ರಫ್ತು ಮಾಡುವವನಿಗೆ ಇದು ಲಾಭವಾಗಿ ಕಂಡಿತು. ಆದರೆ ಪೇಟೆಯಲ್ಲಿ ಧಾರಣೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ. ವ್ಯಾಪಾರಿಯ ಲಾಭದ ಒಂದು ಭಾಗ ಕೂಲಿಕಾರನ ತಟ್ಟೆಯಿಂದಲೇ ಬಂದಿರುತ್ತದೆ. ಅಂಬೇಡ್ಕರರು ತೋರಿಸಿಕೊಟ್ಟ ಮುಖ್ಯ ಸಂಗತಿಗಳಲ್ಲಿ ಇದೂ ಒಂದು. ಅಂದಿನ ವಿನಿಮಯ ಪದ್ಧತಿಯನ್ನು ಸಮರ್ಥಿಸಿದ್ದ ಪ್ರಸಿದ್ಧ ಅರ್ಥಶಾಸ್ತ್ರಜ್ಞ ಕೇನ್ಸರ ಅಭಿಪ್ರಾಯವನ್ನು ಅವರು ನೇರವಾಗಿ ವಿರೋಧಿಸಿದರು. ಪರೀಕ್ಷಕರು ಪ್ರಬಂಧವನ್ನು ತಿದ್ದಿ ಬರೆಯಲು ಸೂಚಿಸಿದರು. ಹಣ ಮುಗಿದು 1923ರಲ್ಲಿ ಮುಂಬಯಿಗೆ ಮರಳಿದ ಅವರು ತಿದ್ದಿದ ಪ್ರತಿಯನ್ನು ಅಲ್ಲಿಂದಲೇ ಕಳಿಸಿಕೊಟ್ಟರು. ಅದೇ ವರ್ಷ ಪದವಿ ದೊರೆಯಿತು, ಗ್ರಂಥವೂ ಅಚ್ಚಾಯಿತು. ಅದನ್ನು ಅವರು ತಂದೆತಾಯಿಗಳಿಗೆ ಅರ್ಪಿಸಿದರು. ನಾಣ್ಯ ಮತ್ತು ಹಣಕಾಸು ಕುರಿತ ಹಿಲ್ಟನ್ ಯಂಗ್ ಆಯೋಗ 1925ರಲ್ಲಿ ಭಾರತಕ್ಕೆ ಬಂದಾಗ ಅವರು ಅದರ ಮುಂದೆ ಸಾಕ್ಷ್ಯ ನುಡಿದರು.

ಲಂಡನ್ನಿನ ಈ ದಿನಗಳಲ್ಲಿಯೇ ಹಳೆಯ ಆಸೆಯೊಂದು ತಲೆಯೆತ್ತಿತು. 1921ರಲ್ಲಿ ಅವರು ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಹೆಸರು ನೋಂದಾಯಿಸಿದರು. ಅದಕ್ಕಾಗಿ ಬರೆದ ಮನವಿ ಜರ್ಮನ್ ಭಾಷೆಯಲ್ಲಿತ್ತು. ಅಲ್ಲಿ ಸಂಸ್ಕೃತ ಓದಬೇಕೆಂಬುದು ಅವರ ಇಚ್ಛೆಯಾಗಿತ್ತು. ಮುಂಬಯಿಯ ಶಾಲೆಯಲ್ಲಿ ಮುಚ್ಚಿದ ಬಾಗಿಲನ್ನು ರೈನ್ ನದಿಯ ದಂಡೆಯಲ್ಲಿ ತಟ್ಟಿದಂತಾಯಿತು. ಅಲ್ಲಿನ ಓದು ಪೂರ್ಣಗೊಳ್ಳಲಿಲ್ಲ. ಸಂಸ್ಕೃತವನ್ನು ಅವರು ಮುಂದೆ ಸ್ವಪ್ರಯತ್ನದಿಂದ, ಬಲ್ಲವರ ನೆರವಿನಿಂದ ಸಾಧಿಸಿದರು. ಅದರಿಂದಲೇ ವೇದ, ಸ್ಮೃತಿ, ಪುರಾಣಗಳನ್ನು ಕುರಿತು ಅಧಿಕಾರವಾಣಿಯಿಂದ ಬರೆಯಬಲ್ಲವರಾದರು. 1949ರಲ್ಲಿ, ರಾಜ್ಯಾಂಗ ಸಭೆಯಲ್ಲಿ ಒಕ್ಕೂಟದ ಭಾಷೆಯ ಚರ್ಚೆ ನಡೆದಾಗ, ಸಂಸ್ಕೃತವನ್ನು ಅಧಿಕೃತ ಭಾಷೆಯಾಗಿಸುವ ತಿದ್ದುಪಡಿಯನ್ನು ಬೆಂಬಲಿಸಿದವರಲ್ಲಿ ಅವರೂ ಒಬ್ಬರು. ಕಲಿಯಲು ತಮಗೆ ನಿಷೇಧವಿದ್ದ ಭಾಷೆಯನ್ನು ಎಲ್ಲರ ಭಾಷೆಯಾಗಿಸಲು ಹೊರಟ ಈ ನಡೆ ಇಂದಿಗೂ ಯೋಚನೆಗೆ ಹಚ್ಚುವಂಥದು.

ಪದವಿಗಳನ್ನು ಪಡೆದು ಬಂದವರು ಅವನ್ನು ತಮ್ಮೊಬ್ಬರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದರು. ಆ ಸಭೆ 1925ರ ಜನವರಿಯಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆದದ್ದು ಸೊಲ್ಲಾಪುರದಲ್ಲಿ. ಕೆಲವು ವರ್ಷಗಳಲ್ಲಿ ಧಾರವಾಡದಲ್ಲಿಯೂ ಅಂಥ ವಸತಿಗೃಹವೊಂದು ಅವರ ಪ್ರಯತ್ನದಿಂದ ನಡೆಯತೊಡಗಿತು. ಗಡಿಯ ಈಚೆಗೂ ಆಚೆಗೂ, ಕನ್ನಡ ಮಾತಾಡುವ ಮನೆಗಳಿಂದಲೂ ಮರಾಠಿ ಮಾತಾಡುವ ಮನೆಗಳಿಂದಲೂ ಬಂದ ಹುಡುಗರಿಗೆ ಓದಲು ಒಂದು ದೀಪ, ಉಣ್ಣಲು ಒಂದು ಪಂಕ್ತಿ ಸಿಕ್ಕಿತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು. ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಇಂದು ಮಿಲಿಂದ ಎಂದು ಹೆಸರಾಗಿರುವ ಕಾಲೇಜು, 1953ರಲ್ಲಿ ಮುಂಬಯಿಯಲ್ಲಿಯೇ ಸಿದ್ಧಾರ್ಥ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜು ಪ್ರಾರಂಭವಾದವು. ಹಗಲು ದುಡಿಯುವವರು ಬೆಳಗಿನ ಹೊತ್ತಿನಲ್ಲಿ ಓದುವಂತಾಗಬೇಕೆಂಬುದು ಮುಂಬಯಿಯ ಕಾಲೇಜಿನ ಉದ್ದೇಶಗಳಲ್ಲೊಂದಾಗಿತ್ತು.

ಕಾನೂನು ಮಂತ್ರಿ ಪದವಿ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆ ಇವೆಲ್ಲದರ ನಡುವೆ ಬಾಬಾಸಾಹೇಬರು ಇನ್ನೊಂದು ಕೆಲಸವನ್ನು ಮೌನವಾಗಿ ನಡೆಸಿದ್ದರು. ಬುದ್ಧನ ಮಾತು ಉಳಿದು ಬಂದ ಪಾಳಿ ಭಾಷೆಯನ್ನು ಕಲಿತು, ಅದರ ವ್ಯಾಕರಣವನ್ನೂ ನಿಘಂಟನ್ನೂ ಅವರು ಸಿದ್ಧಪಡಿಸುತ್ತಿದ್ದರು. ಪಾಳಿಯ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಮರಾಠಿ, ಗುಜರಾತಿ, ಹಿಂದಿಗಳಲ್ಲಿಯೂ ಅರ್ಥ ಬರೆದರು. ಮೆಟ್ರಿಕ್ ಮುಗಿಸಿದ ಹುಡುಗನ ಕೈಗೆ ಬಂದ ಮರಾಠಿ ಬುದ್ಧಚರಿತ್ರೆ ಹೀಗೆ ಫಲ ಕೊಟ್ಟಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧಮ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ಪರಿನಿರ್ವಾಣ ಹೊಂದಿದರು. ಪಾಳಿಯ ವ್ಯಾಕರಣವೂ ನಿಘಂಟೂ ಅವರ ಸಮಗ್ರ ಬರಹಗಳ ಹದಿನಾರನೆಯ ಸಂಪುಟವಾಗಿ ಅವರ ಕಾಲಾನಂತರ ಬೆಳಕು ಕಂಡವು.

ವಾಣಿಜ್ಯ ಬೇಕೋ ಭಾಷೆ ಬೇಕೋ ಎಂಬ ಪ್ರಶ್ನೆ ಪ್ರತಿ ಜೂನ್ ತಿಂಗಳಲ್ಲಿಯೂ ಕಾಲೇಜುಗಳ ಪ್ರವೇಶದ ಕಿಟಕಿಯ ಮುಂದೆ ಕೇಳಿಬರುತ್ತದೆ. ಮೊದಲನೆಯದು ಅನ್ನ ಕೊಡುತ್ತದೆ, ಎರಡನೆಯದು ಬರಿಯ ಅಭಿಮಾನದ್ದು ಎಂಬ ಭಾವನೆಯೂ ಅದರ ಜೊತೆಗಿರುತ್ತದೆ. ಅಂಬೇಡ್ಕರರ ಬಾಳಿನಲ್ಲಿ ಇವೆರಡೂ ಬೇರೆಬೇರೆ ದಾರಿಗಳಾಗಲಿಲ್ಲ. ಹಣದ ಶಾಸ್ತ್ರ ಅವರಿಗೆ ಅನ್ಯಾಯದ ಲೆಕ್ಕವನ್ನು ತೋರಿಸಿತು; ಭಾಷೆಗಳು ಆ ಲೆಕ್ಕವನ್ನು ಓದಲು, ಒಪ್ಪಿಸಲು, ಪ್ರಶ್ನಿಸಲು ನೆರವಾದವು. ರೂಪಾಯಿಯ ಗ್ರಂಥವನ್ನೂ ಪಾಳಿಯ ನಿಘಂಟನ್ನೂ ಬರೆದ ಕೈ ಒಂದೇ. ಆ ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟು ನೋಡುವ ವಿದ್ಯಾರ್ಥಿಗೆ ತಾನು ಆರಿಸಿಕೊಂಡ ವಿಷಯ ಚಿಕ್ಕದೆಂದು ಎಂದೂ ತೋರಲಾರದು.