ನೆರಳುಗಳನ್ನು ಕೂಡಿಸಿದ ರಾಮಚಂದ್ರನ್

ಕಳೆದ ವರ್ಷ ದಸರೆ ಮುಗಿದ ಮೇಲೆ ಅವ್ವನನ್ನು ಹುಬ್ಬಳ್ಳಿಯಿಂದ ಪುಣೆಗೆ ಕರೆತಂದೆ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೂ ಸಂಜೆಯಾದರೆ ಅವ್ವ ಅಪ್ಪನಿಗೂ ಒಂದು ಕಪ್ ಚಹಾ ತೆಗೆದಿಡುತ್ತಿದ್ದಳು. ಗ್ಯಾಸ್ ಆರಿಸುವುದನ್ನು ಮರೆಯುತ್ತಿದ್ದಳು. ನರರೋಗ ತಜ್ಞರು ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಸಿ, ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ತಲೆಯ ಸಿಟಿ ಸ್ಕ್ಯಾನ್‌ಗೆ ಬರೆದುಕೊಟ್ಟರು. ಅವ್ವ ಒಳಗೆ ಮಲಗಿದ್ದಾಗ ಹೊರಗಿನ ಬೆಂಚಿನ ಮೇಲೆ ಕುಳಿತ ನನಗೆ ಎಂಟೆಕ್ ದಿನಗಳ ಲ್ಯಾಬ್ ನೆನಪಾಯಿತು.

ಎಕ್ಸ್‌ರೇ ನೆರಳುಗಳಿಂದ ಒಳಗಿನ ಚಿತ್ರ ಕಟ್ಟುವುದು ಅಂದಿನ ಅಭ್ಯಾಸ. ಮ್ಯಾಟ್‌ಲ್ಯಾಬ್‌ನಲ್ಲಿ ಅದಕ್ಕೊಂದು ಫಿಲ್ಟರ್ ಇತ್ತು, ಹೆಸರು ರಾಮ್-ಲ್ಯಾಕ್. ಯಾರೋ ಜರ್ಮನ್ ವಿಜ್ಞಾನಿಯ ಹೆಸರಿರಬೇಕು ಎಂದುಕೊಂಡಿದ್ದೆ. ಮೇಷ್ಟ್ರು ನಕ್ಕು ಬಿಡಿಸಿ ಹೇಳಿದರು: ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್. ಅದರಲ್ಲಿ ಮೊದಲನೆಯವರು ನಮ್ಮ ಬೆಂಗಳೂರಿನಲ್ಲೇ ಓದಿ, ಅಲ್ಲೇ ದುಡಿದವರು.

ಜಿ.ಎನ್. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಮನಸ್ಸು ಮಾತ್ರ ಭೌತವಿಜ್ಞಾನದ ಕಡೆಗಿತ್ತು. ವಿಭಾಗ ಬದಲಿಸಿ ಸಿ.ವಿ. ರಾಮನ್ ಅವರ ಶಿಷ್ಯರಾದರು. ಕೇಂಬ್ರಿಡ್ಜ್‌ಗೆ ಹೋಗಿ 1949ರಲ್ಲಿ ಮರಳಿ ಬಂದರು. 1952ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಅಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ, ನಮ್ಮ ಚರ್ಮ, ಮೂಳೆಗಳಿಗೆ ಬಲ ಕೊಡುವ ಕೊಲಾಜೆನ್ ಮೂರು ಎಳೆ ಹೆಣೆದ ಸುರುಳಿ ಎಂದು ತೋರಿಸಿದರು. 1963ರಲ್ಲಿ ಬಂದ ರಾಮಚಂದ್ರನ್ ನಕ್ಷೆ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ಒಂದೇ ಚಿತ್ರದಲ್ಲಿ ಹಿಡಿದಿಟ್ಟಿತು. ಜೀವವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದಿಯೇ ಮುಂದೆ ಹೋಗುತ್ತಾರೆ.

1971ರಲ್ಲಿ ಅವರು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ಘಟಕ ಕಟ್ಟಿದರು. ಅದೇ ವರ್ಷ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಬರೆದ ಪ್ರಬಂಧವೇ ನನ್ನ ಲ್ಯಾಬಿನ ಫಿಲ್ಟರ್‌ನ ಮೂಲ. ತಲೆಯ ಸುತ್ತ ನೂರಾರು ದಿಕ್ಕಿನಿಂದ ಎಕ್ಸ್‌ರೇ ಹಾಯಿಸಿದರೆ ನೂರಾರು ನೆರಳು ಸಿಗುತ್ತವೆ. ಅವನ್ನು ಹಾಗೇ ಒಂದರ ಮೇಲೊಂದು ಹರಡಿದರೆ ಚಿತ್ರ ಮಸುಕು. ಪ್ರತಿ ನೆರಳನ್ನೂ ಮೊದಲು ಒಂದು ಲೆಕ್ಕದಿಂದ ತಿದ್ದಿ, ಆಮೇಲೆ ಹರಡಿದರೆ ಚಿತ್ರ ಸ್ಪಷ್ಟ. ಫೋರಿಯರ್ ಗಣಿತದ ಸುತ್ತುದಾರಿ ಬಿಟ್ಟು, ನೇರವಾಗಿ ಗುಣಿಸಿ ಕೂಡಿಸುವ ದಾರಿ ಇದು. ಅಂದಿನ ನಿಧಾನದ ಕಂಪ್ಯೂಟರ್‌ಗಳಿಗೆ ಇದರಿಂದ ಬಹಳ ಸಮಯ ಉಳಿಯುತ್ತಿತ್ತು. ರೇಡಿಯೊ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದ್ದೇ ಯೋಚನೆ ಮಾಡಿದ್ದರು ಎಂಬುದನ್ನೂ ಹೇಳಬೇಕು.

ಅದೇ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಿತು. ಆ ಯಂತ್ರದ ಲೆಕ್ಕ ಬೇರೆ ಬಗೆಯದು. ಆದರೆ ಮುಂದೆ ದಶಕಗಳ ಕಾಲ ಸಿಟಿ ಯಂತ್ರಗಳು ಹಿಡಿದದ್ದು ನೆರಳು ತಿದ್ದಿ ಹರಡುವ ದಾರಿಯನ್ನೇ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್‌ಗೆ ಸಂದಿತು. ರಾಮಚಂದ್ರನ್‌ಗೆ ಕೊಲಾಜೆನ್‌ಗಾಗಲಿ, ನಕ್ಷೆಗಾಗಲಿ, ಈ ಲೆಕ್ಕಕ್ಕಾಗಲಿ ನೊಬೆಲ್ ಬರಲಿಲ್ಲ. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1999ರಲ್ಲಿ ಸ್ಫಟಿಕ ವಿಜ್ಞಾನದ ದೊಡ್ಡ ಗೌರವವಾದ ಎವಾಲ್ಡ್ ಪ್ರಶಸ್ತಿ ಬಂತು.

ಅಷ್ಟು ಹೊತ್ತಿಗೆ ಅವರ ಬದುಕು ಕುಗ್ಗಿತ್ತು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ಪಾರ್ಕಿನ್ಸನ್, ಅದೂ ಮಿದುಳಿನದೇ ಕಾಯಿಲೆ. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ನಿಧನರಾದರು. ಸಾಮಾನ್ಯ ಸಿಟಿ ಸ್ಕ್ಯಾನ್‌ನಲ್ಲಿ ಪಾರ್ಕಿನ್ಸನ್ ಗುರುತು ಸಿಗುವುದಿಲ್ಲ. ಮಿದುಳಿನ ಚಿತ್ರಕ್ಕೆ ದಾರಿ ಮಾಡಿದವರ ಕಾಯಿಲೆ ಆ ಚಿತ್ರಕ್ಕೇ ದಕ್ಕದಂಥದ್ದು.

ಅವ್ವನ ರಿಪೋರ್ಟ್ ಬಂತು. ರಕ್ತ ಹೆಪ್ಪುಗಟ್ಟಿಲ್ಲ, ಗಡ್ಡೆಯಿಲ್ಲ. ಮಿದುಳು ಸ್ವಲ್ಪ ಕುಗ್ಗಿದೆ, ಒಳಗಿನ ದ್ರವದ ಕೋಣೆಗಳು ಹಿಗ್ಗಿವೆ. ಆಪರೇಷನ್‌ನಿಂದ ಸರಿಹೋಗುವಂಥದ್ದು ಏನಾದರೂ ಇದೆಯೇ ಎಂದು ನೋಡುವುದೇ ಈ ಸ್ಕ್ಯಾನ್‌ನ ಮೊದಲ ಉಪಯೋಗ ಎಂದು ಡಾಕ್ಟರು ವಿವರಿಸಿದರು. ಅಂಥದ್ದೇನೂ ಇರಲಿಲ್ಲ. ಸಮಾಧಾನ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅಂದಿನಿಂದ ಅವ್ವನ ಮೇಲೆ ರೇಗುವುದು ನಿಂತಿತು. ಬೇಕೆಂದೇ ಮರೆಯುತ್ತಿಲ್ಲ ಎಂಬುದು ಕಣ್ಣಾರೆ ಕಂಡಿತ್ತಲ್ಲ.

ಯಾವ ಕುಟುಂಬದ ಸ್ಕ್ಯಾನ್ ಕವರಿನ ಮೇಲೂ ರಾಮಚಂದ್ರನ್ ಹೆಸರಿರುವುದಿಲ್ಲ. ಊರು ಬಿಟ್ಟು, ದೂರದಿಂದ ಅಪ್ಪ ಅಮ್ಮನ ಮರೆವನ್ನು ಫೋನಿನಲ್ಲೇ ಗುರುತಿಸುವ ನನ್ನಂಥವರು ಆ ಹೆಸರನ್ನು ಒಮ್ಮೆ ನೆನೆಯಲಿ ಎಂದು ಇಷ್ಟು ಬರೆದೆ.

ಅವ್ವ ಈಗಲೂ ಸಂಜೆ ಎರಡು ಕಪ್ ಚಹಾ ತೆಗೆದಿಡುತ್ತಾಳೆ. ಅಪ್ಪನ ಕಪ್ ನಾನು ಕುಡಿಯುತ್ತೇನೆ.